ಘಾಟಿಗೆ ಬೇರೆ ಎಂಜಿನು

ಮಂಗಳೂರಿನ ಕಡೆಯಿಂದ ಬರುವ ರೈಲು ಸುಬ್ರಹ್ಮಣ್ಯ ರೋಡ್ ನಿಲ್ದಾಣವನ್ನು ಸೇರಿತೆಂದರೆ ಅಲ್ಲಿಂದ ಮುಂದಿನ ಪಯಣ ಬೇರೆಯೇ ಬಗೆಯದು. ಅಲ್ಲಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರು. ಅಷ್ಟರೊಳಗೆ 57 ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು, ಐವತ್ತು ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲಕ್ಕೇರುವ ಹಾದಿ. ಬಯಲಿನಲ್ಲಿ ಬಂಡಿಯನ್ನು ಹಗುರವಾಗಿ ಎಳೆದು ತಂದ ಎಂಜಿನು ಈ ಏರಿಗೆ ಸಾಲದು. ಆದುದರಿಂದ ಹಿಂದಿನಿಂದ ನೂಕುವುದಕ್ಕೆ ಬೇರೆ ಎಂಜಿನನ್ನು ಕಟ್ಟುವ ಏರ್ಪಾಡಿದೆ. ಶಿರಿಬಾಗಿಲು, ಯಡಕುಮೇರಿ, ಕಡಗರವಳ್ಳಿ, ದೋಣಿಗಾಲ್‌ಗಳನ್ನು ದಾಟಿ ಬಂಡಿ ಸಕಲೇಶಪುರವನ್ನು ಮುಟ್ಟಿದ ಮೇಲೆ ಆ ಹೆಚ್ಚಿನ ಎಂಜಿನಿಗೆ ಕೆಲಸವಿಲ್ಲ. ಆಲೂರಿನ ಮೇಲೆ ಹಾಸನಕ್ಕೆ ಹೋಗುವ ದಾರಿಗೆ ಮುಂದಿನ ಎಂಜಿನೇ ಸಾಕು.

ಬಂಡಿಯೊಳಗೆ ಕುಳಿತವರಿಗೆ ಇದಾವುದೂ ತಿಳಿದಿರಬೇಕಾಗಿಲ್ಲ. ಅವರು ಕಿಟಕಿಯ ಹೊರಗಿನ ಕಾಡನ್ನೂ ಜಲಪಾತಗಳನ್ನೂ ನೋಡುತ್ತ, ಸುರಂಗ ಬಂದಾಗಲೆಲ್ಲ ಕೂಗಿಕೊಳ್ಳುವ ಮಕ್ಕಳನ್ನು ಗದರಿಸುತ್ತ ಸಾಗುತ್ತಾರೆ. ಆದರೆ ಯಾವ ನಿಲ್ದಾಣದಲ್ಲಿ ಏನನ್ನು ಕಟ್ಟಬೇಕು, ಎಲ್ಲಿ ಬಿಚ್ಚಬೇಕು ಎಂಬುದನ್ನು ರೈಲ್ವೆಯವರು ಮೊದಲೇ ಬರೆದಿಟ್ಟಿರುವುದರಿಂದಲೇ ಆ ಪಯಣ ನಿರಾತಂಕವಾಗಿ ಸಾಗುತ್ತದೆ. ಈಗ ಮನೆಮನೆಗೂ ಬಂದಿರುವ ಗಣಕಯಂತ್ರಗಳ, ಕೈಫೋನುಗಳ ಒಳಗೆ ಓಡುವ ತಂತ್ರಾಂಶಗಳಿಗೂ ಇಂಥವೇ ಘಾಟಿಗಳಿವೆ. ಅಲ್ಲಿಯೂ ಇಂಥದೇ ಒಂದು ಪಟ್ಟಿ ಬೇಕು. ಆ ಪಟ್ಟಿ ಕೆಟ್ಟರೆ ಕೆಡುವುದು ಯಂತ್ರ ಮಾತ್ರವಲ್ಲ. ವಾರದ ಬಟವಾಡೆಯೂ ಕೆಡಬಹುದು.

ತಂತ್ರಾಂಶವೊಂದನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕುಳಿತು ಬರೆಯುತ್ತಾನೆಂಬ ಭಾವನೆ ಹೊರಗಿನವರಲ್ಲಿ ಇದೆ. ಹಾಗೇನೂ ಇಲ್ಲ. ಕಾಫಿ ಬೆಳೆಯುವವರು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ತಾವೇ ಎರಕ ಹೊಯ್ದು ಮಾಡಿಕೊಳ್ಳುವುದಿಲ್ಲ. ಪೇಟೆಯಿಂದ ತಂದು ಕಣದ ಬಳಿ ಕೂರಿಸಿಕೊಳ್ಳುತ್ತಾರೆ. ಅಂತೆಯೇ ತಂತ್ರಾಂಶ ಬರೆಯುವವನೂ ಪರದೆಯ ಮೇಲೆ ಕಿಟಕಿ ಬಿಡಿಸುವ ಭಾಗ, ಲೆಕ್ಕವನ್ನು ಕಡತದಲ್ಲಿ ಇಡುವ ಭಾಗ, ಅಕ್ಷರ ಮೂಡಿಸುವ ಭಾಗ ಇವುಗಳನ್ನೆಲ್ಲ ಇತರರು ಮಾಡಿಟ್ಟದ್ದರಿಂದ ತೆಗೆದುಕೊಳ್ಳುತ್ತಾನೆ. ಇಂಥ ಸಿದ್ಧಭಾಗಗಳ ಗಂಟಿಗೆ ಆ ಕಸುಬಿನವರು ಲೈಬ್ರರಿ ಎನ್ನುತ್ತಾರೆ. ಪುಸ್ತಕಭಂಡಾರಕ್ಕೂ ಇದಕ್ಕೂ ಇರುವ ಹೋಲಿಕೆ ಎರವಲು ತರುವುದೆಂಬಷ್ಟರಲ್ಲಿಯೇ ಮುಗಿಯುತ್ತದೆ. ತಾನು ಬರೆದದ್ದನ್ನೂ ಎರವಲು ತಂದದ್ದನ್ನೂ ಒಂದುಗೂಡಿಸಿ ಯಂತ್ರದಲ್ಲಿ ಓಡುವಂತೆ ಮಾಡುವ ಕೆಲಸವನ್ನು ಬಿಲ್ಡ್ ಎಂದು, ಅಂದರೆ ಕಟ್ಟುವುದು ಎಂದು ಕರೆಯುತ್ತಾರೆ. ಯಾವ ಯಾವ ಲೈಬ್ರರಿಗಳಿಲ್ಲದೆ ತಂತ್ರಾಂಶ ನಿಲ್ಲಲಾರದೋ ಅವು ಅದರ ಅವಲಂಬನೆಗಳು.

ಎರವಲಾದರೂ ಎಲ್ಲ ಯಂತ್ರಗಳಿಗೂ ಒಂದೇ ಆಗಿದ್ದರೆ ತೊಂದರೆಯಿರಲಿಲ್ಲ. ತೊಂದರೆ ಬರುವುದು ಪ್ಲಾಟ್‌ಫಾರಂ ಬೇರೆಯಾದಾಗ. ಪ್ಲಾಟ್‌ಫಾರಂ ಎಂದರೆ ಇಲ್ಲಿ ರೈಲ್ವೆಯ ಜಗಲಿಯಲ್ಲ. ಗಣಕದ ಮಿದುಳಾದ ಪ್ರೊಸೆಸರ್ ಮತ್ತು ಅದರ ಮೇಲೆ ಆಡಳಿತ ನಡೆಸುವ ಕಾರ್ಯವ್ಯವಸ್ಥೆ, ಇವೆರಡರ ಜೋಡಿ. ವಿಂಡೋಸ್‌ನ ಲೈಬ್ರರಿಗಳು ಡಿಎಲ್‌ಎಲ್ ಎಂಬ ಬಾಲದ ಕಡತಗಳು, ಲಿನಕ್ಸ್‌ನವು ಎಸ್‌ಓ ಬಾಲದವು, ಮ್ಯಾಕ್‌ನವು ಡೈಲಿಬ್ ಬಾಲದವು. ಬಾಲವನ್ನು ಬದಲಾಯಿಸಿದ ಮಾತ್ರಕ್ಕೆ ಒಂದು ಇನ್ನೊಂದಾಗದು. ಒಳಗಿನ ಕಟ್ಟೇ ಬೇರೆ. ಇದರ ಮೇಲೆ ಪ್ರೊಸೆಸರ್‌ನಲ್ಲಿಯೂ ಇಂಟೆಲ್ ಬಗೆಯದು ಒಂದು, ಆರ್ಮ್ ಬಗೆಯದು ಇನ್ನೊಂದು. ಒಂದರ ಆಜ್ಞೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಉದಾಹರಣೆಗೆ, ಹೆತ್ತೂರಿನ ಕಡೆಯ ಒಂದು ಕಾಫಿ ತೋಟಕ್ಕೆಂದು ಲೆಕ್ಕದ ತಂತ್ರಾಂಶವೊಂದನ್ನು ಬೆಂಗಳೂರಿನಲ್ಲಿ ಮಾಡಿಸಿದ್ದಾರೆಂದು ಇಟ್ಟುಕೊಳ್ಳಬಹುದು. ತೋಟದ ರೈಟರು ದಿನವೂ ಚೆಕ್‌ರೋಲ್ ಬರೆಯಬೇಕು: ಯಾರು ಬಂದರು, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು, ಮುಂಗಡವೆಷ್ಟು, ಬಾಕಿಯೆಷ್ಟು. ಮಳೆಯ ಲೆಕ್ಕವೂ ಅದರಲ್ಲಿಯೇ ಸೇರಬೇಕು. ಮಲೆನಾಡಿನ ತೋಟದವರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಹೇಳುತ್ತಾರೆ. ಮಾರ್ಚಿಯಲ್ಲಿ ಬರುವ ಹೂಮಳೆ ಒಂದು ಇಂಚು ಬಿತ್ತೇ, ನಲವತ್ತೇ ಸೆಂಟು ಬಿತ್ತೇ ಎಂಬುದರ ಮೇಲೆ ವರ್ಷದ ಬೆಳೆ ನಿಂತಿದೆ. ಇದೆಲ್ಲವೂ ಕನ್ನಡದಲ್ಲಿರಬೇಕೆಂದು ತೋಟದವರ ಅಪೇಕ್ಷೆ. ಕೂಲಿಯ ಚೀಟಿಯಲ್ಲಿ ತನ್ನ ಹೆಸರನ್ನು ಓದಿಕೊಳ್ಳಲು ಕೆಲಸದವಳಿಗೆ ಸಾಧ್ಯವಾಗಬೇಕಾದರೆ ಇದು ಶೋಕಿಯ ಮಾತಲ್ಲ.

ತಂತ್ರಾಂಶ ಬರೆದ ತರುಣನ ಮೇಜಿನ ಮೇಲಿರುವುದು ಮ್ಯಾಕ್. ತೋಟದ ಕಚೇರಿಯಲ್ಲಿರುವುದು ಹಳೆಯ ವಿಂಡೋಸ್ ಗಣಕ. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಮಗಳ ಬಳಿಯಿರುವುದು ಲಿನಕ್ಸ್. ಬೆಂಗಳೂರಿನಲ್ಲಿ ಎಲ್ಲವೂ ಚೆನ್ನಾಗಿ ಓಡಿತು, ಮುದ್ದಾದ ಅಕ್ಷರಗಳು ಮೂಡಿದವು. ತೋಟಕ್ಕೆ ಬಂದು ಕೂರಿಸಿದಾಗ ಕಿಟಕಿಯೇ ತೆರೆಯಲಿಲ್ಲ. ಯಾವುದೋ ಲೈಬ್ರರಿ ಸಿಕ್ಕಲಿಲ್ಲವೆಂಬ ಎರಡು ಸಾಲಿನ ದೂರು ಮಾತ್ರ ಕಾಣಿಸಿತು. ಮಾಡಿದವನು ಫೋನಿನಲ್ಲಿ, "ಇಲ್ಲಿ ಸರಿಯಾಗಿದೆಯಲ್ಲ ಸಾರ್!" ಎನ್ನುತ್ತಾನೆ. ಆ ಮಾತು ಸುಳ್ಳಲ್ಲ. ಅದರಿಂದ ತೋಟದವರಿಗೆ ಪ್ರಯೋಜನವೂ ಇಲ್ಲ.

ಏಕೆ ಹೀಗಾಯಿತೆಂಬುದನ್ನು ತಿಳಿಯಲು ಅಕ್ಷರ ಮೂಡಿಸುವ ಭಾಗವೊಂದನ್ನೇ ನೋಡಿದರೆ ಸಾಕು. ಕನ್ನಡಿಗರಿಗೆ ಅದೇ ಹತ್ತಿರದ ವಿಷಯ. ಸುಬ್ರಹ್ಮಣ್ಯ ರೋಡ್ ನಿಲ್ದಾಣದ ಫಲಕವನ್ನೇ ತೆಗೆದುಕೊಂಡರೆ, ಆ ಒಂದು ಹೆಸರಿನಲ್ಲಿ ಬ-ಕಾರಕ್ಕೆ ರ-ಒತ್ತು, ಹ-ಕಾರಕ್ಕೆ ಮ-ಒತ್ತು, ಣ-ಕಾರಕ್ಕೆ ಯ-ಒತ್ತು, ಹೀಗೆ ಮೂರು ಒತ್ತಕ್ಷರಗಳಿವೆ. ಈಗ ಲೋಕವೆಲ್ಲ ಒಪ್ಪಿರುವ ಯೂನಿಕೋಡ್ ಕ್ರಮದಲ್ಲಿ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ದೊರೆತಿದೆ. ಆದರೆ ಆ ಕ್ರಮದಲ್ಲಿ ಒತ್ತಕ್ಷರಕ್ಕೆಂದು ಬೇರೆ ಸಂಖ್ಯೆಯಿಲ್ಲ. ಬ, ಅನಂತರ ಹಲಂತದ ಚಿಹ್ನೆ, ಅನಂತರ ರ ಎಂದು ಮೂರು ಸಂಖ್ಯೆಗಳನ್ನು ಸಾಲಾಗಿ ಇಡುತ್ತಾರೆ. ಆ ಮೂರನ್ನೂ ನೋಡಿ, ಇಲ್ಲಿ ರ-ಕಾರ ಕೆಳಗೆ ಇಳಿಯಬೇಕು, ಅಲ್ಲಿ ಅರ್ಕಾವೊತ್ತು ಹಿಂದಕ್ಕೆ ಹೋಗಬೇಕು ಎಂದು ನಿರ್ಧರಿಸಿ ಪರದೆಯ ಮೇಲೆ ಆಕಾರ ಕೊಡುವುದು ಇನ್ನೊಂದು ಲೈಬ್ರರಿಯ ಕೆಲಸ. ಹಿಂದೆ ಅಚ್ಚುಮೊಳೆ ಜೋಡಿಸುವವರು ಕೈಯಿಂದ ಮಾಡುತ್ತಿದ್ದುದನ್ನೇ ಅದು ಮಾಡುತ್ತದೆ. ಆ ಲೈಬ್ರರಿ ಇಲ್ಲದಿದ್ದರೆ, ಅಥವಾ ಇದ್ದೂ ಕನ್ನಡವನ್ನು ಅರಿಯದಿದ್ದರೆ, ಅದೇ ಹೆಸರು "ಸುಬ್‌ರಹ್‌ಮಣ್‌ಯ" ಎಂದು ಮೂಳೆ ಮುರಿದಂತೆ ಬಿದ್ದಿರುತ್ತದೆ. ಲಕ್ಷ್ಮಮ್ಮನು "ಲಕ್‌ಷ್‌ಮಮ್‌ಮ" ಆಗುತ್ತಾಳೆ.

ಈ ಆಕಾರ ಕೊಡುವ ಕೆಲಸವನ್ನು ವಿಂಡೋಸ್‌ನಲ್ಲಿ ಮೊದಲು ಯುನಿಸ್ಕ್ರೈಬ್ ಎಂಬುದು ಮಾಡುತ್ತಿತ್ತು, ಅನಂತರ ಡೈರೆಕ್ಟ್‌ರೈಟ್ ಎಂಬುದು ಬಂದಿತು. ಮ್ಯಾಕ್‌ನಲ್ಲಿ ಅದನ್ನು ಮಾಡುವುದು ಕೋರ್‌ಟೆಕ್ಸ್ಟ್. ಲಿನಕ್ಸ್‌ನಲ್ಲಿ ಪ್ಯಾಂಗೋ ಮತ್ತು ಹಾರ್ಫ್‌ಬಜ್ ಎಂಬ ಜೋಡಿ. ವಿಂಡೋಸ್‌ನಲ್ಲಿ ಕನ್ನಡ ಸಹಜವಾಗಿ ಮೂಡತೊಡಗಿದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಬಂದುದು 2012ರ 4.1 ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಕನ್ನಡದ ಬರೆಹಗಾರರು ಸುಮ್ಮನೆ ಕುಳಿತಿರಲಿಲ್ಲ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದಿತು. ಸಕಲೇಶಪುರಕ್ಕೆ ನೆರೆಯಾದ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ವಿಷಯದಲ್ಲಿ ತೋರಿದ ಆಸಕ್ತಿ ಬಲ್ಲವರಿಗೆ ಬಲ್ಲುದೇ ಆಗಿದೆ.

ಆ ಕಾಲದ ಉಪಾಯ ಚಾತುರ್ಯದ್ದು. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ತುಂಡು ಆಕಾರಗಳನ್ನು ಕೂರಿಸಿ, ಅವನ್ನು ಅಕ್ಕಪಕ್ಕ ಜೋಡಿಸಿ ಕನ್ನಡವೆಂದು ತೋರಿಸುತ್ತಿದ್ದರು. ಅದರಿಂದ ಪತ್ರಿಕೆಗಳು ಅಚ್ಚಾದವು, ಸರಕಾರದ ಆದೇಶಗಳು ಹೊರಟವು, ಲಗ್ನಪತ್ರಿಕೆಗಳು ಮೂಡಿದವು. ಆದರೆ ಅಂಥ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿಯೊಂದು ಕಾಣುತ್ತದೆ. ತಂತ್ರಾಂಶಕ್ಕೆ ಮಾತ್ರವಲ್ಲ, ಬರೆದಿಟ್ಟ ಪತ್ರಕ್ಕೂ ಅವಲಂಬನೆಯುಂಟು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಹತ್ತಿಪ್ಪತ್ತು ವರ್ಷದ ಹಿಂದಿನ ಲೆಕ್ಕಪತ್ರಗಳನ್ನು ಹೀಗೆ ಇಟ್ಟುಕೊಂಡು ಇಂದು ತಲೆ ಚಚ್ಚಿಕೊಳ್ಳುವ ಮನೆಗಳು ಕಡಿಮೆಯಿಲ್ಲ.

ಹಾಗಾದರೆ ಒಂದೇ ತಂತ್ರಾಂಶ ಎಲ್ಲ ಯಂತ್ರಗಳಲ್ಲಿಯೂ ಓಡುವಂತೆ ಮಾಡಲಾಗದೆ? ಈ ಆಸೆ ಹಳೆಯದು, ಮತ್ತು ಇದನ್ನು ಅರಿಯಲು ಪುನಃ ರೈಲಿನ ಹಳಿಯ ಬಳಿಗೇ ಬರಬೇಕು. ಹಾಸನ-ಮಂಗಳೂರು ಮಾರ್ಗ 1979ರಲ್ಲಿ ತೆರೆದಾಗ ಅದು ಮೀಟರ್ ಗೇಜಿನದು. ಹಳಿಗಳ ನಡುವಣ ಅಂತರ 1000 ಮಿಲಿಮೀಟರು. ಕೇರಳದ ಕಡೆಯಿಂದ ಮಂಗಳೂರಿಗೆ ಬರುತ್ತಿದ್ದುದು ಬ್ರಾಡ್ ಗೇಜು, 1676 ಮಿಲಿಮೀಟರಿನದು. ಒಂದೇ ಊರಿಗೆ ಎರಡು ಹಳಿ. ಒಂದರ ಬೋಗಿ ಇನ್ನೊಂದರ ಮೇಲೆ ಏರದು. ಭಾರತೀಯ ರೈಲ್ವೆಯವರು 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಎಂಬ ಯೋಜನೆಯನ್ನು ಕೈಗೊಂಡರು. ಅದರಂತೆ ಈ ಘಾಟಿಯ ಮಾರ್ಗವನ್ನು 1996ರಲ್ಲಿ ಮುಚ್ಚಿದರು. ಹಳಿ ಅಗಲವಾಗಿ ಸರಕಿನ ಬಂಡಿಗಳು ಮತ್ತೆ ಹೊರಟದ್ದು 2006ರಲ್ಲಿ, ಪ್ರಯಾಣಿಕರ ಬಂಡಿ ಬಂದದ್ದು 2007ರ ಕೊನೆಯಲ್ಲಿ. ಹತ್ತು ವರ್ಷಕ್ಕೂ ಮಿಕ್ಕಿ ಸಕಲೇಶಪುರದ ಜನ ಶಿರಾಡಿಯ ರಸ್ತೆಯನ್ನೇ ನಂಬಿಕೊಂಡಿರಬೇಕಾಯಿತು.

ತಂತ್ರಾಂಶ ಲೋಕದಲ್ಲಿಯೂ ಸರಿಸುಮಾರು ಅದೇ ಕಾಲದಲ್ಲಿ ಒಂದೇ ಗೇಜಿನ ಕನಸು ಹುಟ್ಟಿತು. ಸನ್ ಕಂಪೆನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ ಭಾಷೆಯೊಂದು 1995ರಲ್ಲಿ ಹೊರಬಂದಿತು. ಒಮ್ಮೆ ಬರೆದರೆ ಎಲ್ಲಿ ಬೇಕಾದರೂ ಓಡುವುದೆಂಬುದೇ ಅದರ ಘೋಷಣೆ. ಅದಕ್ಕೆ ಮೊದಲು ಓಕ್ ಎಂಬ ಮರದ ಹೆಸರಿತ್ತು. ಆಮೇಲೆ ಕಾಫಿಯ ನೆನಪಿನಿಂದ ಜಾವಾ ಎಂದಾಯಿತು. ಸಿಲ್ವರ್ ಓಕಿನ ನೆರಳಿನಲ್ಲಿ ಕಾಫಿ ಬೆಳೆಯುವ ಸಕಲೇಶಪುರದವರಿಗೆ ಈ ಎರಡು ಹೆಸರುಗಳೂ ಅಪರಿಚಿತವಲ್ಲ, ಸಿಲ್ವರ್ ಓಕ್ ನಿಜವಾದ ಓಕ್ ಜಾತಿಗೆ ಸೇರಿದುದಲ್ಲವೆಂದು ಸಸ್ಯಶಾಸ್ತ್ರಜ್ಞರು ಹೇಳಿದರೂ. ಜಾವಾದ ಘೋಷಣೆ ಬಹುಮಟ್ಟಿಗೆ ನಿಜವೂ ಆಯಿತು. ಕೂಡುವುದು, ಕಳೆಯುವುದು, ಚೆಕ್‌ರೋಲಿನ ಲೆಕ್ಕ ಹಾಕುವುದು, ಇವು ಯಾವ ಯಂತ್ರದಲ್ಲಿಯೂ ಒಂದೇ ರೀತಿ ನಡೆಯುತ್ತವೆ.

ಆದರೆ ಗೇಜು ಒಂದಾದ ಮಾತ್ರಕ್ಕೆ ಘಾಟಿ ಸಮತಟ್ಟಾಗಲಿಲ್ಲ. ಯಾವ ಊರಿನ ಬೋಗಿಯಾದರೂ ಯಡಕುಮೇರಿಯವರೆಗೆ ಬರಬಹುದು, ನಿಜ; ಏರು ಮಾತ್ರ ಏರಾಗಿಯೇ ಉಳಿಯಿತು, ನೂಕುವ ಎಂಜಿನೂ ಉಳಿಯಿತು. ಜಾವಾದಲ್ಲಿಯೂ ಅಷ್ಟೆ. ಪರದೆಯ ಮೇಲೆ ಕಿಟಕಿ ತೆರೆಯಬೇಕಾದಾಗ, ಅಕ್ಷರ ಮೂಡಿಸಬೇಕಾದಾಗ, ಮುದ್ರಣಯಂತ್ರವನ್ನು ಕರೆಯಬೇಕಾದಾಗ ಅದು ಆಯಾ ಯಂತ್ರದ ಸ್ವಂತ ಲೈಬ್ರರಿಗಳ ಬಾಗಿಲು ತಟ್ಟಲೇಬೇಕು. ಕಿಟಕಿ ಬಿಡಿಸುವುದಕ್ಕೆ ಜಾವಾಎಫ್‌ಎಕ್ಸ್ ಎಂಬ ಒಂದು ಲೈಬ್ರರಿಯಿದೆ. 2018ರಲ್ಲಿ ಬಂದ ಜಾವಾ 11ರಿಂದ ಅದು ಜಾವಾದ ಮೂಲ ಗಂಟಿನಿಂದ ಬೇರೆಯಾಗಿ ದೊರೆಯುತ್ತಿದೆ. ಅದನ್ನು ತರಿಸಿಕೊಳ್ಳುವಾಗ ವಿಂಡೋಸ್‌ಗೆ ಒಂದು ಪೊಟ್ಟಣ, ಮ್ಯಾಕ್‌ಗೆ ಒಂದು, ಲಿನಕ್ಸ್‌ಗೆ ಒಂದು. ಕನ್ನಡದ ಒತ್ತಕ್ಷರ ಬಂದಾಗ ವಿಂಡೋಸ್ ಪೊಟ್ಟಣ ಡೈರೆಕ್ಟ್‌ರೈಟನ್ನು ಕೇಳುತ್ತದೆ, ಮ್ಯಾಕ್ ಪೊಟ್ಟಣ ಕೋರ್‌ಟೆಕ್ಸ್ಟನ್ನು, ಲಿನಕ್ಸ್ ಪೊಟ್ಟಣ ಪ್ಯಾಂಗೋವನ್ನು. ಹೆತ್ತೂರಿನ ತೋಟದ ಗಂಟು ಕಟ್ಟಿಕೊಂಡಿದ್ದು ಇಲ್ಲಿಯೇ.

ಈಗ ಆ ತರುಣನ ಮೇಜಿಗೆ ಮರಳಬಹುದು. ಇಂಥ ಪೊಟ್ಟಣಗಳನ್ನು ತರಿಸಿ ಜೋಡಿಸುವುದಕ್ಕೆ ಜಾವಾದವರು ಮೇವನ್ ಎಂಬ ಸಾಧನವನ್ನು ಬಳಸುತ್ತಾರೆ. ಅದರ ಮೊದಲ ಪೂರ್ಣ ಆವೃತ್ತಿ 2004ರದು. ಬೇಕಾದ ಲೈಬ್ರರಿಗಳ ಹೆಸರು, ಆವೃತ್ತಿಗಳನ್ನು ಒಂದು ಪಟ್ಟಿಯಲ್ಲಿ ಬರೆದುಕೊಟ್ಟರೆ ಅದೇ ಹೋಗಿ ತರುತ್ತದೆ. ಇಂಥ ಪಟ್ಟಿಗಳ ಮೂಲಪುರುಷ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ಮಾಡಿದ 'ಮೇಕ್'. ಅದಿರಲಿ. ಯಂತ್ರ ವಿಂಡೋಸ್ ಆದರೆ ಇದನ್ನು ತಾ, ಮ್ಯಾಕ್ ಆದರೆ ಅದನ್ನು ತಾ ಎಂದು ಷರತ್ತು ಹಾಕುವುದಕ್ಕೂ ಮೇವನ್‌ನಲ್ಲಿ ಅವಕಾಶವಿದೆ. ತರುಣನು ಹಾಗೆಯೇ ಬರೆದ. ಬರೆದದ್ದರಲ್ಲಿ ಕಾಗುಣಿತದ ದೋಷವೂ ಇರಲಿಲ್ಲ. ಆದರೆ "ಯಂತ್ರ" ಎಂದರೆ ಯಾವ ಯಂತ್ರ? ಅವನ ಮನಸ್ಸಿನಲ್ಲಿ ಇದ್ದುದು ತೋಟದ ಗಣಕ. ಮೇವನ್ ಕಂಡುದು ತಾನು ಆಗ ಓಡುತ್ತಿದ್ದ ಯಂತ್ರವನ್ನು, ಅಂದರೆ ಅವನ ಮ್ಯಾಕನ್ನು. ಕಟ್ಟುವ ಹೊತ್ತಿಗೆ ಅದಕ್ಕೆ ಬೇರೇನು ಕಂಡೀತು? ಮ್ಯಾಕ್‌ನ ಪೊಟ್ಟಣವನ್ನು ತಂದು, ಅದನ್ನೇ ಒಳಗಿಟ್ಟು, ಗಂಟು ಬಿಗಿದು ಕಳುಹಿಸಿತು.

ಹಾಸನದ ಸಮತಟ್ಟಾದ ನಿಲ್ದಾಣದಲ್ಲಿ ನಿಂತು, ಇಲ್ಲಿ ಏರಿಲ್ಲ, ಆದುದರಿಂದ ಈ ಬಂಡಿಗೆ ಎಲ್ಲಿಯೂ ಹೆಚ್ಚಿನ ಎಂಜಿನು ಬೇಡ ಎಂದು ಬರೆದ ಹಾಗಾಯಿತು ಇದು. ಆ ನಿರ್ಧಾರವನ್ನು ಮಾಡಬೇಕಾದದ್ದು ಬಂಡಿ ಹತ್ತುವ ನೆಲವನ್ನು ನೋಡಿ. ಕಟ್ಟುವ ಯಂತ್ರ ಬೇರೆ, ಓಡಿಸುವ ಯಂತ್ರ ಬೇರೆ. ಪಟ್ಟಿಯಲ್ಲಿ ಬರೆಯಬೇಕಾದದ್ದು ಎರಡನೆಯದರ ಹೆಸರನ್ನು. ಕೇಳಲು ಇದು ತೀರ ಸಾಮಾನ್ಯವಾಗಿದೆ. ಆದರೆ ಅನುಭವಸ್ಥರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಎಡವಿದ್ದು ಎಡವಿದವರಿಗೆ ಕಾಣಿಸುವುದಿಲ್ಲ. ಅವರ ಮನೆಯಲ್ಲಿ ಎಲ್ಲವೂ ಸರಿಯಾಗಿಯೇ ಓಡುತ್ತಿರುತ್ತದೆ.

ಪರಿಹಾರಕ್ಕೆ ಎರಡು ದಾರಿಗಳುಂಟು, ಮತ್ತು ಎರಡನ್ನೂ ಹೊಗಳುವವರಿದ್ದಾರೆ. ಎಲ್ಲ ಯಂತ್ರಗಳ ತುಂಡುಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳುಹಿಸಿ, ತಂತ್ರಾಂಶ ಎಚ್ಚರಗೊಂಡಾಗ ತಾನಿರುವ ಯಂತ್ರ ಯಾವುದೆಂದು ನೋಡಿಕೊಂಡು ತಕ್ಕುದನ್ನು ಬಿಚ್ಚಿಕೊಳ್ಳುವಂತೆ ಮಾಡುವುದು ಒಂದು. ಲೆಕ್ಕವನ್ನು ಕಡತದಲ್ಲಿಡುವ ಎಸ್‌ಕ್ಯೂಲೈಟ್ ಎಂಬುದನ್ನು ಜಾವಾದಿಂದ ಬಳಸುವವರಿಗೆ ದೊರೆಯುವ ಪೊಟ್ಟಣ ಹೀಗೆಯೇ ಇದೆ. ಬಳಸುವವನಿಗೆ ಯೋಚನೆಯೇ ಇಲ್ಲ. ತುಂಡು ಚಿಕ್ಕದಾದಾಗ ಇದಕ್ಕಿಂತ ಸುಖವಾದ ಕ್ರಮವಿಲ್ಲ. ಆದರೆ ಬಿಚ್ಚಿಕೊಂಡ ತುಂಡನ್ನು ಗಣಕದ ತಾತ್ಕಾಲಿಕ ಜಾಗದಲ್ಲಿ ಇಡಬೇಕಾಗುತ್ತದೆ. ವೈರಸ್ ಕಾವಲಿನ ತಂತ್ರಾಂಶ ಒಮ್ಮೊಮ್ಮೆ ಇದನ್ನು ಕಳ್ಳನೆಂದು ಹಿಡಿಯುವುದೂ ಉಂಟು. ಕಿಟಕಿ ಬಿಡಿಸುವ ಲೈಬ್ರರಿಯಂಥ ದೊಡ್ಡ ತುಂಡುಗಳನ್ನು ಹೀಗೆ ನಾಲ್ಕು ನಾಲ್ಕು ಕಟ್ಟಿದರೆ ಗಂಟು ಬೆಟ್ಟವಾಗುತ್ತದೆ. ಜುಲೈ ತಿಂಗಳ ಮಳೆಯಲ್ಲಿ ವಿದ್ಯುತ್ತೂ ಫೋನಿನ ಸಂಪರ್ಕವೂ ಬಂದು ಹೋಗುವ ಬಿಸಿಲೆಯ ಕಡೆಯ ತೋಟಗಳಲ್ಲಿ ಆ ಬೆಟ್ಟವನ್ನು ಇಳಿಸಿಕೊಳ್ಳುವಷ್ಟರಲ್ಲಿ ಶ್ರಾವಣ ಬಂದೀತು.

ಇನ್ನೊಂದು ದಾರಿ, ಯಂತ್ರಕ್ಕೊಂದರಂತೆ ಬೇರೆ ಬೇರೆ ಗಂಟು ಕಟ್ಟಿ, ಮೇಲೆ ಚೀಟಿ ಅಂಟಿಸುವುದು: ಇದು ವಿಂಡೋಸ್‌ಗೆ, ಇದು ಆರ್ಮ್ ಮ್ಯಾಕ್‌ಗೆ, ಇದು ಲಿನಕ್ಸ್‌ಗೆ. ಗಂಟು ಹಗುರ. ಕಟ್ಟುವವನ ಕೆಲಸ ಮಾತ್ರ ಹೆಚ್ಚು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕಟ್ಟಬೇಕು, ಬೇರೆಬೇರೆಯಾಗಿ ಓಡಿಸಿ ನೋಡಬೇಕು. ತೋಟದಂಥ ಬಳಕೆದಾರರಿಗೆ ಇದೇ ಲೇಸು. ಚಿಕ್ಕ ತುಂಡುಗಳನ್ನು ಒಟ್ಟಿಗೆ ಕಟ್ಟಿ ದೊಡ್ಡವನ್ನು ಬೇರ್ಪಡಿಸುವ ಮಿಶ್ರಮಾರ್ಗವನ್ನೇ ಬಲ್ಲವರು ಹಿಡಿಯುತ್ತಾರೆ. ಯಾವ ದಾರಿಯಾದರೂ ಲೈಬ್ರರಿಗಳ ಆವೃತ್ತಿಯ ಸಂಖ್ಯೆ ಎಲ್ಲ ಗಂಟುಗಳಲ್ಲಿಯೂ ಒಂದೇ ಆಗಿರಬೇಕು, ಮತ್ತು ಅದು ಒಂದೇ ಕಡೆ ಬರೆದಿರಬೇಕು. ನಾಲ್ಕು ಕಡೆ ಬರೆದರೆ ಮೂರು ಕಡೆ ಮಾತ್ರ ತಿದ್ದುವುದು ಮನುಷ್ಯಸ್ವಭಾವ.

ಚೀಟಿ ಅಂಟಿಸುವುದೂ ಅಷ್ಟು ಸುಲಭವಲ್ಲ, ಏಕೆಂದರೆ ಯಂತ್ರಗಳಿಗೆ ಅಡ್ಡಹೆಸರುಗಳು ವಿಪರೀತ. ಈಗ ಬಳಕೆಯಲ್ಲಿರುವ 64 ಬಿಟ್ಟಿನ ಇಂಟೆಲ್ ಬಗೆಯ ಪ್ರೊಸೆಸರ್ ಕ್ರಮವನ್ನು ಮೊದಲು ರೂಪಿಸಿದವರು ಎಎಂಡಿ ಕಂಪೆನಿಯವರು. ಅವರ ಪ್ರೊಸೆಸರ್ 2003ರಲ್ಲಿ ಮಾರುಕಟ್ಟೆಗೆ ಬಂದಿತು. ಆದುದರಿಂದ ಅದನ್ನು ಕೆಲವರು ಎಎಂಡಿ64 ಎನ್ನುತ್ತಾರೆ, ಕೆಲವರು ಎಕ್ಸ್86-64, ವಿಂಡೋಸ್‌ನವರು ಎಕ್ಸ್64. ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ಜಾವಾವನ್ನು ಕೇಳಿದರೆ ಒಂದು ಹೆಸರು ಹೇಳುತ್ತದೆ, ಇಂಟೆಲ್ ಮ್ಯಾಕ್‌ನಲ್ಲಿ ಕೇಳಿದರೆ ಇನ್ನೊಂದು. ಆರ್ಮ್‌ಗೂ ಎರಡು ಹೆಸರು: ಆರ್ಮ್64 ಮತ್ತು ಎಆರ್ಚ್64. ಹಿಂದಿನ ಕಂದಾಯ ದಾಖಲೆಗಳಲ್ಲಿ ಮಂಜರಾಬಾದ್ ತಾಲ್ಲೂಕು ಎಂದಿರುವುದೂ ಇಂದಿನ ಸಕಲೇಶಪುರ ತಾಲ್ಲೂಕೂ ಒಂದೇ ಎಂದು ಹಳಬರಿಗೆ ಗೊತ್ತು. ಗಣಕಕ್ಕೆ ಹೇಳಿಕೊಟ್ಟ ಹೊರತು ಗೊತ್ತಾಗದು. ಪಟ್ಟಿಯಲ್ಲಿ ಒಂದು ಹೆಸರೂ ಯಂತ್ರದ ಬಾಯಲ್ಲಿ ಇನ್ನೊಂದೂ ಇದ್ದರೆ, ಪೊಟ್ಟಣ ಎದುರಿಗಿದ್ದರೂ ಸಿಕ್ಕಲಿಲ್ಲವೆಂದು ಅದು ಹಟ ಹಿಡಿಯುತ್ತದೆ. ಆ್ಯಪಲ್ ಕಂಪೆನಿ 2020ರಲ್ಲಿ ತನ್ನ ಗಣಕಗಳನ್ನು ಇಂಟೆಲ್‌ನಿಂದ ಆರ್ಮ್‌ಗೆ ತಿರುಗಿಸಲಾರಂಭಿಸಿದಾಗ, ಬರಿಯ "ಮ್ಯಾಕ್" ಎಂದು ಬರೆದಿದ್ದ ಎಷ್ಟೋ ಪಟ್ಟಿಗಳು ಈ ಕಾರಣಕ್ಕೇ ತಿದ್ದುಪಡಿಗೆ ಬಂದವು.

ಪರೀಕ್ಷೆಯ ವಿಷಯ ಒಂದಿದೆ. ತಂತ್ರಾಂಶ ಮಾಡುವವನ ಗಣಕ ತುಂಬಿದ ಅಡುಗೆಮನೆಯ ಹಾಗೆ. ಎಂದೋ ಯಾವುದೋ ಕೆಲಸಕ್ಕೆ ತಂದ ಲೈಬ್ರರಿಗಳೆಲ್ಲ ಅಲ್ಲಿ ಬಿದ್ದಿರುತ್ತವೆ. ಪಟ್ಟಿಯಲ್ಲಿ ಒಂದನ್ನು ಮರೆತರೂ ಅಲ್ಲಿ ಹುಡುಕಿದರೆ ಸಿಕ್ಕಿಬಿಡುತ್ತದೆ, ಮರೆತದ್ದು ಬಯಲಾಗುವುದಿಲ್ಲ. ಆದುದರಿಂದ ಏನೂ ಇಲ್ಲದ ಬರಿದಾದ ಗಣಕದಲ್ಲಿ, ಅದೂ ಪ್ರತಿಯೊಂದು ಬಗೆಯದರಲ್ಲಿ, ಗಂಟನ್ನು ಬಿಚ್ಚಿ ಓಡಿಸಬೇಕು. ಅಂಥ ಗಣಕಗಳನ್ನು ಈಗ ಗಂಟೆಯ ಲೆಕ್ಕದಲ್ಲಿ ದೂರದಿಂದಲೇ ಬಾಡಿಗೆಗೆ ಪಡೆಯಬಹುದು, ಖರ್ಚು ಹೆಚ್ಚಲ್ಲ. ಓಡಿಸಿದ ಮೇಲೆ "ಲಕ್ಷ್ಮಮ್ಮ", "ಸುಬ್ರಹ್ಮಣ್ಯ", "ಕರ್ಕಿ" ಎಂಬ ಮೂರು ಪದಗಳನ್ನು ಪರದೆಯ ಮೇಲೂ ಅಚ್ಚಿನಲ್ಲೂ ನೋಡಿದರೆ ಕನ್ನಡ ಉಳಿದಿದೆಯೋ ಇಲ್ಲವೋ ತಿಳಿಯುತ್ತದೆ. ಕಾಫಿ, ತೋಟ, ಮಳೆ ಎಂಬಂಥ ಒತ್ತಿಲ್ಲದ ಪದಗಳನ್ನು ಮಾತ್ರ ನೋಡಿ ತೃಪ್ತಿಪಟ್ಟವರು ಬಟವಾಡೆಯ ದಿನ ಪೇಚಿಗೆ ಸಿಲುಕುತ್ತಾರೆ.

ಎಲ್ಲ ಮಾಡಿದರೂ ಉಳಿಯುವ ಒಂದು ತೊಡಕು ತೋಟದ ಕಚೇರಿಯ ಮೂಲೆಯಲ್ಲಿಯೇ ಕುಳಿತಿದೆ. ಹಳೆಯ ಗಣಕಗಳಲ್ಲಿ ಅನೇಕವು 32 ಬಿಟ್ಟಿನ ವಿಂಡೋಸ್ ಓಡಿಸುವಂಥವು. ವಿಂಡೋಸ್ 11ಕ್ಕೆ 32 ಬಿಟ್ಟಿನ ಆವೃತ್ತಿಯೇ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿಯಿತು. 2025ರ ಮಾರ್ಚಿಯಲ್ಲಿ ಬಂದ ಜಾವಾ 24ರಿಂದ 32 ಬಿಟ್ಟಿನ ವಿಂಡೋಸ್‌ಗೆ ತಕ್ಕ ಭಾಗವನ್ನು ತೆಗೆದುಹಾಕಿದ್ದಾರೆ. ಹೊಸ ಆವೃತ್ತಿಯ ಲೈಬ್ರರಿಗಳನ್ನು ಹಿಡಿದು ಕಟ್ಟಿದ ತಂತ್ರಾಂಶ ಆ ಗಣಕಕ್ಕೆ ಇನ್ನು ಏರುವುದಿಲ್ಲ. ಒಂದೋ ಹಳೆಯ ಜಾವಾದಲ್ಲಿಯೇ ನಿಲ್ಲಬೇಕು, ಇಲ್ಲವೆ ಗಣಕವನ್ನು ಬದಲಾಯಿಸಬೇಕು. ಹಣದ ಮಾತಾದುದರಿಂದ ತೋಟದವರು ಹಿಂದುಮುಂದು ನೋಡುವುದು ಸಹಜ. ತಂತ್ರಾಂಶ ಮಾಡುವವರು ಆ ವಿಷಯವನ್ನು ಬಾಯಿಮಾತಿನಲ್ಲಿ ಬಿಡದೆ, 32 ಬಿಟ್ಟಿಗೆ ಇಲ್ಲ ಎಂಬ ಸಾಲನ್ನು ತಮ್ಮ ಪಟ್ಟಿಯಲ್ಲಿಯೇ ಬರೆದು ಮುಂಗಡ ಪಡೆಯುವ ಮೊದಲೇ ತೋರಿಸುವುದು ನ್ಯಾಯ.

ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರಿನ ಹೊತ್ತಿಗೆ ಮೊದಲಾಗುತ್ತದೆ. ಅದರ ಬೆನ್ನಿಗೇ ರೋಬಸ್ಟಾ. ಆಗ ರೈಟರಿಗೆ ಉಸಿರಾಡಲು ಬಿಡುವಿಲ್ಲ. ಹೊಸ ತಂತ್ರಾಂಶವನ್ನು ಕೂರಿಸುವುದು, ಹಳೆಯ ನುಡಿ ಅಕ್ಷರಗಳ ಹೆಸರುಪಟ್ಟಿಯನ್ನು ಯೂನಿಕೋಡಿಗೆ ತಿರುಗಿಸುವುದು, ತಿರುಗಿಸಿದ ಮೇಲೆ ಒಂದೊಂದು ಹೆಸರನ್ನೂ ಕೂತು ಓದಿ ನೋಡುವುದು, ಇದೆಲ್ಲವನ್ನೂ ಮಳೆ ಹಿಡಿದು ತೋಟದ ಕೆಲಸ ಹಗುರಾಗಿರುವ ಆಷಾಢದಲ್ಲಿಯೇ ಮುಗಿಸಿಕೊಳ್ಳುವುದು ಒಳ್ಳೆಯದು. ಕಚೇರಿಯ ಗಣಕ ಯಾವುದು, ಎಷ್ಟು ಬಿಟ್ಟಿನದು, ವಿಂಡೋಸ್ ಯಾವ ಆವೃತ್ತಿಯದು, ಮುದ್ರಣಯಂತ್ರ ಯಾವುದು ಎಂಬ ನಾಲ್ಕು ವಿವರಗಳನ್ನು ಒಂದು ಕಾಗದದಲ್ಲಿ ಬರೆದು ಬೆಂಗಳೂರಿಗೆ ಮೊದಲೇ ಕಳುಹಿಸಿದರೆ, ಆ ತರುಣನ ಪಟ್ಟಿಯ ಮೊದಲ ನಾಲ್ಕು ಸಾಲುಗಳನ್ನು ತೋಟದವರೇ ಬರೆದುಕೊಟ್ಟಂತಾಗುತ್ತದೆ.